ಎರಡೂವರೆ ಸೆಂಟಿಮೀಟರಿನ ಪರೀಕ್ಷೆ

ನಮ್ಮ ಸಂಸಾರಗಳಲ್ಲಿ ಮಕ್ಕಳ ಪಟಗಳಿಗೆ ಲೆಕ್ಕವಿಲ್ಲ. ಹಿರಿಯರ ಪಟ ಬೇಕಾದಾಗ ಮಾತ್ರ ಯಾವುದೋ ಮದುವೆಯ ಗುಂಪಿನಿಂದ ಮುಖವೊಂದನ್ನು ಕತ್ತರಿಸಿ ದೊಡ್ಡದು ಮಾಡಿಸುವುದು ವಾಡಿಕೆ. ಮುಂಬಯಿಯ ನಮ್ಮ ಮನೆಯ ಗೋಡೆಯ ಮೇಲೆ ತಂದೆಯವರು ಇರುವುದೂ ಹಾಗೆಯೇ. ಎಂಬತ್ತೇಳು ದಾಟಿದ ತಾಯಿಯವರ ವಿಷಯದಲ್ಲಿ ಹಾಗಾಗಬಾರದೆಂದು, ದುಬಾರಿ ಲೆನ್ಸೊಂದನ್ನು ಕೊಳ್ಳುವ ಯೋಚನೆ ಮಾಡಿದೆವು. ದುಡ್ಡು ಚಿಕ್ಕದಲ್ಲವಾದ್ದರಿಂದ, ಮೊದಲು ಮೂರು ದಿನದ ಬಾಡಿಗೆಗೆ ತಂದು ನೋಡಿದೆವು.

ಜರ್ಮನಿಯ ಝೈಸ್ ಕಂಪನಿ 2012ರಲ್ಲಿ ಪ್ರಕಟಿಸಿದ 135 ಮಿ.ಮೀ. ‘ಅಪೋ ಸೋನಾರ್’ ಅದು. ಒಳಗೆ 11 ಗಾಜುಗಳು. ತೂಕ ಒಂದು ಕಿಲೋಗೆ ತುಸು ಕಡಿಮೆ. ತಾನಾಗಿ ಫೋಕಸ್ ಮಾಡುವ ಏರ್ಪಾಡು ಇದರಲ್ಲಿಲ್ಲ. ಬಳೆಯನ್ನು ಕೈಯಿಂದಲೇ ತಿರುಗಿಸಬೇಕು. ಆ ಬಳೆಯ ನಯವನ್ನು ಮಾತ್ರ ಎಷ್ಟು ಹೊಗಳಿದರೂ ಸಾಲದು.

ಸಾಧಾರಣ ಲೆನ್ಸುಗಳಲ್ಲಿ, ಬಿಸಿಲಿಗೆ ಹೊಳೆಯುವ ಹಿತ್ತಾಳೆಯ ಅಂಚಿಗೆ ನೇರಳೆ, ಹಸಿರು ಗೆರೆಗಳು ಮೂಡುವುದುಂಟು. ಬೆಳಕಿನ ಬೇರೆ ಬೇರೆ ಬಣ್ಣಗಳು ಒಂದೇ ಕಡೆ ಕೂಡದಿರುವುದೇ ಅದಕ್ಕೆ ಕಾರಣ. ‘ಅಪೋ’ ಎಂದರೆ ಆ ದೋಷವನ್ನು ಬಹುಮಟ್ಟಿಗೆ ತಿದ್ದಿದೆಯೆಂದು ಅರ್ಥ. ದೇವರ ಮನೆಯ ದೀಪವನ್ನು ಕಿಟಕಿಯ ಬಿಸಿಲಿಗಿಟ್ಟು, ಬೆಳಕಿನ ಕಿಂಡಿಯನ್ನು ಪೂರ್ತಿಯಾಗಿ, ಅಂದರೆ ಎಫ್ 2ಕ್ಕೆ ತೆರೆದು ಪರೀಕ್ಷಿಸಿದೆವು. ಗೆರೆ ಕಾಣಲಿಲ್ಲ.

ನಿಜವಾದ ಪರೀಕ್ಷೆ ನಮ್ಮ ಕಣ್ಣಿಗೇ ಇತ್ತು. ಕಿಂಡಿ ಅಷ್ಟು ತೆರೆದಾಗ, ಎರಡು ಮೀಟರು ದೂರದಲ್ಲಿ ಸ್ಪಷ್ಟವಾಗಿ ಮೂಡುವ ಆಳ ಸುಮಾರು ಎರಡೂವರೆ ಸೆಂಟಿಮೀಟರು ಮಾತ್ರ. ರೆಪ್ಪೆ ಸಿಕ್ಕಿದರೆ ಕಿವಿಯ ಓಲೆ ಮಸುಕು. ಕೂತವರು ತುಸು ವಾಲಿದರೂ ಕೆಲಸ ಕೆಟ್ಟಿತು. ವ್ಯೂಫೈಂಡರಿನಲ್ಲಿ ನೋಡಿ ತೆಗೆದ ಇಪ್ಪತ್ತು ಪಟಗಳಲ್ಲಿ ಆರು ಮಾತ್ರ ಸರಿಯಾದವು. ಕ್ಯಾಮರಾವನ್ನು ಸ್ಟ್ಯಾಂಡಿನ ಮೇಲಿಟ್ಟು, ಹಿಂದಿನ ಪರದೆಯಲ್ಲಿ ಕಣ್ಣನ್ನಷ್ಟೇ ದೊಡ್ಡದಾಗಿ ಕಾಣಿಸಿಕೊಂಡು ಬಳೆ ತಿರುಗಿಸಿದಾಗ ಹೆಚ್ಚಿನವು ನೆಟ್ಟಗೆ ಬಂದವು. ಕುಣಿಯಲಾರದವಳು ನೆಲ ಡೊಂಕೆಂದಂತೆ ಲೆನ್ಸನ್ನು ದೂರುವುದು ನ್ಯಾಯವಲ್ಲ.

ಈ ನಿಧಾನದಿಂದ ಲಾಭವೂ ಆಯಿತು. ಕ್ಯಾಮರಾ ಕಂಡೊಡನೆ ಬಿಗಿದುಕೊಳ್ಳುವ ತಾಯಿಯವರು, ನಾವು ಬಳೆ ತಿರುಗಿಸುತ್ತಿರುವಷ್ಟು ಹೊತ್ತಿನಲ್ಲಿ ಬೇಸತ್ತು ಧಾರವಾಡದ ತವರಿನ ಮಾತು ತೆಗೆದರು. ಮುಖ ತಾನಾಗಿ ಸಡಿಲವಾಯಿತು. ಆಗ ಸಿಕ್ಕಿತು ಪಟ. ತೋರಿಸಿದಾಗ, “ಇಷ್ಟು ಸುಕ್ಕು ಬಿದ್ದಾವೇನೋ ನನ್ನ ಮುಖಕ್ಕ!” ಎಂದು ನಕ್ಕರು.

ನಮ್ಮ ತೀರ್ಪು ಇಷ್ಟು: ಲೆನ್ಸು ಉತ್ತಮ, ಆದರೆ ಓಡುವ ಮೊಮ್ಮಕ್ಕಳಿಗೆ ತಕ್ಕುದಲ್ಲ. ವರ್ಷಕ್ಕೆ ಎರಡು ದಿನದ ಕೆಲಸಕ್ಕೆ ಬಾಡಿಗೆಯೇ ಲೇಸು. ವಾಚಕ ಬಂಧುಗಳಲ್ಲಿ ಒಂದು ಅರಿಕೆ. ಲೆನ್ಸು ಯಾವುದಾದರೂ ಇರಲಿ. ಮನೆಯ ಹಿರಿಯರನ್ನು ಕಿಟಕಿಯ ಬಳಿ ಕೂರಿಸಿ, ಅವರ ಮಾತಿಗೆ ಕಿವಿಗೊಡುತ್ತ, ಒಂದು ಪಟ ತೆಗೆಯಿರಿ. ಮುಂದಿನ ಹಬ್ಬಕ್ಕೆಂದು ಕಾಯಬೇಡಿ.