ಬಿಟ್ಟ ಸ್ಥಳ

ಒಂದು ಜುಲೈಯಲ್ಲಿ ತೀರ್ಥಹಳ್ಳಿ ಕಡೆಯ ನೆಂಟರ ಮನೆಯಲ್ಲಿದ್ದೆ. ನಾಲ್ಕು ದಿನದಿಂದ ಹಿಡಿದ ಮಳೆ. ಐದನೆಯ ದಿನ ಬೆಳಿಗ್ಗೆ ಹೆಂಚಿನ ಮೇಲಿನ ಸದ್ದು ತಟ್ಟನೆ ಇಲ್ಲವಾಯಿತು. ಒಲೆಯ ಮುಂದಿದ್ದ ಅತ್ತೆ ತಲೆಯೆತ್ತಿ, “ಹೊಳವಾಯ್ತು ಮಾರಾಯ್ತಿ, ಬಟ್ಟೆ ಹೊರಗೆ ಹಾಕು” ಅಂದರು. ಮಳೆ ನಿಂತಿತು ಅನ್ನಲಿಲ್ಲ. ನಿಂತಿರಲೂ ಇಲ್ಲ; ಹನ್ನೊಂದಕ್ಕೆಲ್ಲ ಮತ್ತೆ ಸುರಿಯತೊಡಗಿತು. ಎರಡು ಮಳೆಯ ನಡುವಿನ ಆ ಎರಡು ಗಂಟೆಗೆ ಅವರಲ್ಲಿ ಒಂದು ಹೆಸರಿತ್ತು, ಅಷ್ಟೆ.

ನಮ್ಮ ಬಯಲುಸೀಮೆಯಲ್ಲಿ ಇದಕ್ಕೆ ‘ವರಪು’ ಅನ್ನುತ್ತಾರೆ. “ಮಳೆ ವರಪು ಕೊಡ್ತು, ನಾಳೆ ಕಳೆ ಕೀಳಬಹುದು” ಅಂತ ನಮ್ಮಪ್ಪ ಹೇಳುತ್ತಿದ್ದುದು ನೆನಪಿದೆ. ಎರಡು ದಿನದ ವರಪಿಗೆ ರಾಗಿ ಹೊಲದಲ್ಲಿ ಕುಂಟೆ ಆಡುತ್ತದೆ. ಅದೇ ಮೂರು ವಾರವಾದರೆ ಪೈರು ಸೊರಗುತ್ತದೆ. ಆಗಲೂ ಮಾತು ಅದೇ, ಮಳೆ ವರಪು ಕೊಟ್ಟಿದೆ. ಈ ‘ಕೊಡು’ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ನಡುವಿನ ಖಾಲಿ ಹೊತ್ತನ್ನು ನಮ್ಮವರು ಯಾರೋ ಕೊಟ್ಟದ್ದು ಎಂದೇ ತಿಳಿದಿದ್ದರು.

ಇಂಥ ನಡುವಿನ ಹೊತ್ತಿಗೆ ಕನ್ನಡದಲ್ಲಿ ಇನ್ನೊಂದು ಮಾತು ಹುಡುಕಹೊರಟರೆ ಸಿಗುವುದು ‘ಬಿಡು’ ಎಂಬ ಎರಡಕ್ಷರದ ಕ್ರಿಯಾಪದ. ಮಳೆ ಬಿಟ್ಟಿತು ಅಂದರೆ ನಿಂತಿತು. ಬಸ್ಸು ಬಿಟ್ಟಿತು ಅಂದರೆ ಹೊರಟಿತು. ಶಾಲೆ ಬಿಟ್ಟಿತು ಅಂದರೆ ಮಕ್ಕಳು ಬೀದಿಗೆ ಬಂದರು. ದಾಸವಾಳ ಹೂ ಬಿಟ್ಟಿತು ಅಂದರೆ ಅರಳಿತು. ನಿಲ್ಲುವುದು, ಹೊರಡುವುದು, ಅರಳುವುದು, ಮೂರಕ್ಕೂ ಒಂದೇ ಮಾತು! ಬಿಟ್ಟು ಬಿಟ್ಟು ಬರುವ ಜ್ವರ, ಬಿಡದೆ ಅಳುವ ಕೂಸು, ನಿಟ್ಟುಸಿರು ಬಿಟ್ಟ ಮುದುಕಿ, ಎಲ್ಲರೂ ಈ ಪದದ ನೆರಳಲ್ಲೇ ಇದ್ದಾರೆ. ‘ಬಿಡುವು’ ಹುಟ್ಟಿದ್ದು ಇದರಿಂದಲೇ. ಹಿಡಿದದ್ದನ್ನು ಸಡಿಲಿಸುವುದೇ ಬಿಡುವು. ಆದ್ದರಿಂದಲೇ ಅದನ್ನು ‘ಮಾಡಿಕೊಳ್ಳ’ಬೇಕು. ಮದುವೆಗೆ ಕರೆಯಲು ಬಂದವರು “ಬಿಡುವು ಮಾಡ್ಕೊಂಡು ಬನ್ನಿ” ಅನ್ನುತ್ತಾರಲ್ಲ, ಕೈಯಲ್ಲಿರುವ ಕೆಲಸವನ್ನು ನಮಗಾಗಿ ಒಂದು ಗಳಿಗೆ ಕೆಳಗಿಡಿ ಎಂಬ ಕೋರಿಕೆ ಅದರಲ್ಲಿದೆ. ಈಗ ಎಲ್ಲರೂ ‘ಬ್ರೇಕ್ ತಗೊಳ್ಳು’ತ್ತಾರೆ. ಕೊಡುತ್ತಿದ್ದುದು, ಮಾಡಿಕೊಳ್ಳುತ್ತಿದ್ದುದು ಹೀಗೆ ತೆಗೆದುಕೊಳ್ಳುವ ವಸ್ತುವಾದದ್ದು ನನಗೆ ನಷ್ಟವೆಂದೇ ತೋರುತ್ತದೆ.

ಹೊರಗಿನಿಂದ ಬಂದು ಕೆಲಸ ಕೆಡಿಸುವುದರ ಮಾತೇ ಬೇರೆ. ಅದು ಅಡ್ಡ ಬರುತ್ತದೆ. ಬೆಕ್ಕು ಅಡ್ಡ ಬರುತ್ತದೆ, ಹಿರಿಯರ ಮಾತಿಗೆ ಕಿರಿಯರು ಅಡ್ಡಬಾಯಿ ಹಾಕುತ್ತಾರೆ. ಅಡ್ಡಿಯ ಜೊತೆಗೆ ಆತಂಕವನ್ನೂ ಸೇರಿಸಿ ಹೇಳುತ್ತೇವೆ. ಆತಂಕಕ್ಕೆ ತಡೆ ಎಂಬ ಅರ್ಥವೂ ಉಂಟು, ಎದೆಯ ಕಳವಳ ಎಂಬ ಅರ್ಥವೂ ಉಂಟು. ತಡೆ ಬಂದಾಗ ಕಳವಳ ತಾನಾಗಿ ಬರುತ್ತದೆ ಎಂಬುದನ್ನು ಆ ಒಂದೇ ಪದ ಬಲ್ಲದು. ಧಾರವಾಡದ ಕಡೆಯವರು ಒಪ್ಪಿಗೆ ಸೂಚಿಸಲು “ಅಡ್ಡಿಯಿಲ್ಲ” ಅಂದುಬಿಡುತ್ತಾರೆ. ತಡೆ ಇಲ್ಲದಿರುವುದೇ ಅವರಿಗೆ ಒಳ್ಳೆಯದು. ಹೊರಡುವಾಗ ಯಾರಾದರೂ ಒಂಟಿ ಸೀನು ಸೀನಿದರೆ ನಮ್ಮಜ್ಜಿ ಎಲ್ಲರನ್ನೂ ಕೂರಿಸಿ, ಒಂದು ಲೋಟ ನೀರು ಕುಡಿಸಿ, ಆಮೇಲೆ ಕಳಿಸುತ್ತಿದ್ದಳು. ಶಕುನದಲ್ಲಿ ನನಗೆ ನಂಬಿಕೆಯಿಲ್ಲ. ಆದರೆ ಅಡ್ಡಿಯೊಂದನ್ನು ಬಿಡುವಾಗಿ ಮಾಡಿಕೊಳ್ಳುವ ಆ ರೀತಿಯಲ್ಲಿ ನಂಬಿಕೆಯಿದೆ.

ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ ಎಂಬ ಗಾದೆ ನಿಮಗೆ ಗೊತ್ತು. ಶಾಂತವಾಗಿ ನಡೆಯುತ್ತಿದ್ದುದರ ನಡುವೆ ನುಗ್ಗಿದವರಿಗೆಲ್ಲ ಅದನ್ನು ಅನ್ವಯಿಸುತ್ತೇವೆ. ಆದರೆ ಅಲ್ಲಿರುವುದು ಕಾಡಿನ ಕರಡಿಯಲ್ಲ, ಕರಡೆ ಎಂಬ ಚರ್ಮವಾದ್ಯ ಅನ್ನುವವರೂ ಇದ್ದಾರೆ. ಉತ್ತರ ಕರ್ನಾಟಕದ ಕರಡಿ ಮಜಲು ಕೇಳಿದವರಿಗೆ ಆ ವಾದ್ಯದ ಗುಡುಗು ಗೊತ್ತು. ಹಾಗೆ ಓದಿದರೆ ಗಾದೆಯ ಅರ್ಥ ತಿರುಗಿ ನಿಲ್ಲುತ್ತದೆ: ಪೂಜೆಯಲ್ಲಿ ಕರಡೆಯನ್ನು ಬಾರಿಸದೆ ಬಿಟ್ಟುಬಿಟ್ಟ ಹಾಗೆ. ಮೊದಲ ಓದಿನಲ್ಲಿ ಬೇಡದ್ದು ಒಳಗೆ ಬಂತು, ಎರಡನೆಯದರಲ್ಲಿ ಬೇಕಾದದ್ದು ಬರಲಿಲ್ಲ. ಯಾವುದು ಮೂಲವೋ ಪಂಡಿತರು ತೀರ್ಮಾನಿಸಲಿ. ಎರಡನ್ನೂ ಹೊತ್ತು ನಿಂತಿರುವುದು ಮತ್ತೆ ಅದೇ ‘ಬಿಡು’ ಎಂಬುದು ನನ್ನ ಖುಷಿ.

ಬೇಕಾದ ಮೌನ ಯಾವುದೆಂದು ನನಗೆ ಕಲಿಸಿದ್ದು ಸಂಗೀತದ ಪಾಠ. ಆದಿತಾಳಕ್ಕೆ ಎಂಟು ಅಕ್ಷರ. ಮೊದಲು ಲಘು: ಒಂದು ಪೆಟ್ಟು, ಮೂರು ಬೆರಳೆಣಿಕೆ. ಆಮೇಲೆ ಎರಡು ದ್ರುತ: ಒಂದೊಂದಕ್ಕೂ ಒಂದು ಪೆಟ್ಟು, ಒಂದು ಹುಸಿ. ಹುಸಿಯಲ್ಲಿ ಅಂಗೈ ಮೇಲಾಗಿ ತಿರುಗುತ್ತದೆ, ಸದ್ದಿಲ್ಲ. ಸದ್ದಿಲ್ಲವೆಂದು ಬಾಲ್ಯದಲ್ಲಿ ನಾನು ಅದನ್ನು ಹಾರಿಸಿ ಮುಂದೆ ಓಡುತ್ತಿದ್ದೆ. ಮೇಷ್ಟ್ರು ಹಾಡು ನಿಲ್ಲಿಸಿ, “ಹುಸಿಗೂ ಪೆಟ್ಟಿನಷ್ಟೇ ಹೊತ್ತು ಕೊಡಮ್ಮ” ಅನ್ನುತ್ತಿದ್ದರು.

ಆ ಮಾತು ನನಗೆ ಅರ್ಥವಾದದ್ದು ಮೂವತ್ತು ವರ್ಷದ ನಂತರ, ಅಮ್ಮನ ಜೊತೆ ಫೋನಿನಲ್ಲಿ. ಊಟ, ಹಸು, ಪಕ್ಕದ ಮನೆಯ ಸುದ್ದಿ ಮುಗಿದ ಮೇಲೆ ಅಮ್ಮ “ಮತ್ತೆ…” ಅಂದು ಸುಮ್ಮನಾಗುತ್ತಿದ್ದಳು. ಮಾತು ಮುಗಿಯಿತೆಂದು ತಿಳಿದು “ಸರಿ ಕಣಮ್ಮ, ಇಡ್ತೀನಿ” ಅಂದು ಇಟ್ಟುಬಿಡುತ್ತಿದ್ದೆ. ಒಂದು ಸಂಜೆ ಯಾಕೋ ಇಡಲಿಲ್ಲ, ನಾನೂ ಸುಮ್ಮನಿದ್ದೆ. ಅತ್ತ ಗಡಿಯಾರದ ಸದ್ದು, ದೂರದಲ್ಲೊಂದು ನಾಯಿ. ಆಮೇಲೆ ಅಮ್ಮ ಮೆಲ್ಲಗೆ ಹೇಳಿದಳು: “ಮೂರು ದಿನದ ಹಿಂದೆ ತಲೆ ತಿರುಗಿ ಬಚ್ಚಲಲ್ಲಿ ಬಿದ್ದಿದ್ದೆ. ನೀನು ಹೆದರ್ತೀಯ ಅಂತ ಹೇಳಿರ್ಲಿಲ್ಲ.” ಎಷ್ಟು ‘ಮತ್ತೆ’ಗಳ ಹಿಂದೆ ಎಷ್ಟು ಮಾತು ಹಾಗೇ ಉಳಿದವೋ.

ಶಾಲೆಯ ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ಕಂಡೊಡನೆ ತುಂಬುವುದನ್ನು ಕಲಿತವರು ನಾವು. ನಿಮ್ಮ ಅಮ್ಮನೋ ಅಪ್ಪನೋ ಇವತ್ತು ಸಂಜೆ “ಮತ್ತೆ…” ಅಂದರೆ ದಯವಿಟ್ಟು ಅದನ್ನು ತುಂಬಬೇಡಿ. ಫೋನನ್ನು ಕಿವಿಗೆ ಹಾಗೇ ಹಿಡಿದುಕೊಂಡಿರಿ.