ಹೊತ್ತಿಗೊಂದು ಚಹಾ

ಬೆಳಗಿನ ಮೊದಲ ಚಹಾ ಕುದಿಸಿದ್ದೇ ಆಗಬೇಕು. ಈ ವಿಷಯದಲ್ಲಿ ನನ್ನದು ರಾಜಿಯಿಲ್ಲದ ಮಾತು. ಧಾರವಾಡದ ನಮ್ಮ ಮನೆಯಲ್ಲಿ ಹಸಿ ಶುಂಠಿಯ ತುಂಡಿಗೆ ಕುಟ್ಟಾಣಿಯಲ್ಲಿ ಎರಡೇಟು ಕೊಟ್ಟು, ನಾರು ಬಿಚ್ಚಿಕೊಂಡ ಮೇಲೆ ತಣ್ಣೀರಿಗೇ ಹಾಕಿ ಒಲೆಯ ಮೇಲಿಡುತ್ತೇವೆ. ನೀರು ಮರಳಿ, ಘಾಟು ಪಡಸಾಲೆಯವರೆಗೆ ಬಂದಾಗ ಪುಡಿ, ಸಕ್ಕರೆ. ಹಾಲು ಕಟ್ಟಕಡೆಗೆ. ಹಸಿ ಶುಂಠಿಯಲ್ಲಿ ಹಾಲು ಒಡೆಯುವ ಕಿಣ್ವವೊಂದಿದೆ. ನೀರಿನಲ್ಲಿ ಚೆನ್ನಾಗಿ ಕುದಿದರೆ ಅದರ ಶಕ್ತಿ ಉಡುಗುತ್ತದೆ. “ಮೊದ್ಲ ಅಲ್ಲಾ ಕುದೀಲಿ, ಆಮ್ಯಾಲೆ ಹಾಲು” ಎಂದು ಅವ್ವ ಹೇಳುತ್ತಿದ್ದುದು ಅದಕ್ಕೇ. ಹಾಲು ಬಿದ್ದ ಮೇಲೆ ಚಹಾ ಪಾತ್ರೆಯ ಅಂಚಿನವರೆಗೆ ಉಕ್ಕಿ ಬರಬೇಕು, ಉರಿ ತಗ್ಗಿಸಿದಾಗ ಇಳಿಯಬೇಕು, ಮತ್ತೊಮ್ಮೆ ಏರಬೇಕು. ಆಗ ಕೆನೆ ಪೂರ್ತಿ ಬೆರೆತು ಒಂದು ಕೆಂಗಂದು ಬಣ್ಣ ಬರುತ್ತದೆ. ಅದನ್ನು ಸೋಸಿ, ಬಸಿಗೆ ಸುರಿದು, ಸೊರ್ ಎಂದು ಹೀರಿದರೇನೇ ನನಗೆ ಬೆಳಗಾದ ಹಾಗೆ.

ಹಾಲು ಹಾಕಿ ಕುದಿಸಿದ್ದು ಚಹಾವೇ ಅಲ್ಲ, ಎಲೆಯ ರುಚಿಯನ್ನೆಲ್ಲ ಕೊಂದುಬಿಡುತ್ತೀರಿ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ನಮ್ಮ ಡಬ್ಬಿಯಲ್ಲಿರುವ ಕಾಳುಕಾಳಾದ ಪುಡಿ ಸಿಟಿಸಿ ಚಹಾ. ಹಲ್ಲುಗಳಿರುವ ಎರಡು ಉರುಳೆಗಳು ಬೇರೆಬೇರೆ ವೇಗದಲ್ಲಿ ತಿರುಗುತ್ತವೆ. ಅವುಗಳ ನಡುವೆ ಸಿಕ್ಕ ಎಲೆ ಜಜ್ಜಿ, ಹರಿದು, ಸುರುಳಿಯಾಗಿ ಬೀಳುತ್ತದೆ. 1930ರ ಸುಮಾರಿಗೆ ಅಸ್ಸಾಮಿನಲ್ಲಿ ವಿಲಿಯಂ ಮೆಕರ್ಚರ್ ರೂಪಿಸಿದ ವಿಧಾನವಿದು. ಹೀಗೆ ತಯಾರಾದ ಪುಡಿ ಬೇಗ ಬಣ್ಣ ಬಿಡುತ್ತದೆ, ಕಡಕ್ ಇರುತ್ತದೆ, ಹಾಲಿಗೆ ಜಗ್ಗುವುದಿಲ್ಲ. ಸ್ವಲ್ಪ ಪುಡಿಯಲ್ಲಿ ಹೆಚ್ಚು ಕಪ್ಪು ಆಗುವುದರಿಂದ ಬಡವರ ಮನೆಗೂ ಬಂತು. ಹಾಲು, ಶುಂಠಿ, ಉರಿ ಮೂರನ್ನೂ ತಡೆದುಕೊಳ್ಳುವ ಚಹಾವನ್ನು ಕುದಿಸುವುದೇ ಸರಿಯಾದ ಕ್ರಮ.

ಇಷ್ಟು ಹಚ್ಚಿಕೊಂಡ ಚಹಾ ನಮ್ಮ ಮನೆಗಳಿಗೆ ಬಂದು ಬಹಳ ಕಾಲವೇನೂ ಆಗಿಲ್ಲ. ಚಹಾ ಬೆಳೆಗಾರರಿಂದಲೇ ತೆರಿಗೆ ಎತ್ತಿ, ಆ ಹಣದಲ್ಲಿ ಪ್ರಚಾರ ಮಾಡುವ ಏರ್ಪಾಡು 1903ರ ಕಾಯ್ದೆಯಿಂದ ಶುರುವಾಯಿತು. ಮುಂದೆ ಪೇಟೆಗಳಲ್ಲಿ, ರೈಲು ನಿಲ್ದಾಣಗಳಲ್ಲಿ ಚಹಾ ಮಾಡುವುದನ್ನು ತೋರಿಸಿ, ರುಚಿ ನೋಡಲು ಕೊಟ್ಟು ಜನರಿಗೆ ಹಿಡಿಸಿದರು. ಅವರು ಕಲಿಸಲು ಹೊರಟಿದ್ದು ಎಲೆ ಹೆಚ್ಚು, ಹಾಲು ಕಡಿಮೆ ಇರುವ ಚಹಾ. ಜನ ಅದಕ್ಕೆ ಹಾಲು ಸುರಿದು, ಶುಂಠಿ ಏಲಕ್ಕಿ ಜಜ್ಜಿ ಹಾಕಿ ತಮ್ಮದನ್ನಾಗಿ ಮಾಡಿಕೊಂಡರು. ಹುಬ್ಬಳ್ಳಿಯಲ್ಲಿ ಸಂಜೆ ಗಿರ್ಮಿಟ್ ತಿಂದು, ಮಿರ್ಚಿ ಕಚ್ಚಿ, ಆ ಖಾರದ ಮೇಲೆ ಬಿಸಿ ಚಹಾ ಕುಡಿಯುವ ಸುಖವನ್ನು ಯಾವ ಪ್ರಚಾರದವರೂ ಊಹಿಸಿರಲಾರರು.

ಮಧ್ಯಾಹ್ನ ಮೂರೂವರೆಗೆ ನನ್ನ ಚಹಾ ಬೇರೆ. ಆಗ ದಾರ್ಜಿಲಿಂಗ್‌ನ ಎಲೆ ಚಹಾ ಬೇಕು, ಮೇ–ಜೂನ್ ತಿಂಗಳ ಎರಡನೆಯ ಕೊಯ್ಲಿನದು ಸಿಕ್ಕರೆ ಇನ್ನೂ ಮೇಲು. ಆ ಹೊತ್ತಿಗೆ ಪುಟ್ಟ ಹಸಿರು ಜಿಗಿಹುಳುಗಳು ಚಿಗುರಿನ ರಸ ಹೀರುತ್ತವೆ. ಹುಳು ಕಚ್ಚಿದ ಗಿಡ ತನ್ನ ರಕ್ಷಣೆಗೆಂದು ಬೇರೆ ರಾಸಾಯನಿಕಗಳನ್ನು ಹುಟ್ಟಿಸಿಕೊಳ್ಳುತ್ತದೆ. ಹಣ್ಣಾದ ದ್ರಾಕ್ಷಿಯ ವಾಸನೆ ಬರುವುದು ಅದರಿಂದ. ಬೇರೆ ಬೆಳೆಯಲ್ಲಾದರೆ ಈ ಹುಳುವನ್ನು ಶಪಿಸುತ್ತಿದ್ದೆವು. ದಾರ್ಜಿಲಿಂಗ್ ಚಹಾ 2004ರಲ್ಲಿ ಭಾರತದ ಮೊದಲ ಭೌಗೋಳಿಕ ಸೂಚಕ ಪಡೆದದ್ದು ಆ ಬೆಟ್ಟದ ಮಣ್ಣು, ಮಂಜು, ಹುಳು ಎಲ್ಲಕ್ಕೂ ಸಂದ ಮರ್ಯಾದೆ ಎಂದೇ ನಾನು ತಿಳಿದಿದ್ದೇನೆ. ಇದನ್ನು ಮಾತ್ರ ಕುದಿಸಬಾರದು. ಕುದಿದ ನೀರನ್ನು ಒಲೆಯಿಂದ ಇಳಿಸಿ, ಎಲೆಯ ಮೇಲೆ ಸುರಿದು, ಮುಚ್ಚಿ, ಮೂರು ನಿಮಿಷಕ್ಕೆ ಸೋಸಿಬಿಡಬೇಕು. ಹಾಲೂ ಬೇಡ, ಸಕ್ಕರೆಯೂ ಬೇಡ. ಮುಚ್ಚಳ ತೆಗೆದ ಕೂಡಲೇ ಬಗ್ಗಿ ಒಂದುಸಿರು ಎಳೆದುಕೊಳ್ಳಬೇಕು. ಅರ್ಧ ರುಚಿ ಆ ಹಬೆಯಲ್ಲೇ ಇರುತ್ತದೆ.

ಭಟ್ಕಳದ ಕಡೆ ಹೋದಾಗ ಸುಲೇಮಾನಿ. ಹಾಲಿಲ್ಲದ ಕಪ್ಪು ಚಹಾಕ್ಕೆ ಲಿಂಬೆ ಹಿಂಡಿದ ಕ್ಷಣ ಬಣ್ಣ ತಿಳಿಯಾಗಿ, ಗಾಜಿನ ಲೋಟದಲ್ಲಿ ಬೆಳಕು ಹಾಯುತ್ತದೆ. ಹುಳಿ ತಾಗಿದರೆ ಚಹಾದ ಬಣ್ಣ ತೆಳುವಾಗುವುದು ಅದರ ಗುಣ. ಅದನ್ನು ನೋಡುವುದೇ ನನಗೆ ಕುಡಿಯುವಷ್ಟು ಇಷ್ಟ. ಅಲ್ಲಿ ಬಿರಿಯಾನಿಯ ಹಿಂದೆಯೇ ಅದನ್ನು ಕೊಡುತ್ತಾರೆ. ನಾನು ಮಾತ್ರ ಮಾತಾಡುತ್ತ ಕೂತು, ಸಾಕಷ್ಟು ಹೊತ್ತು ಬಿಟ್ಟು ತರಿಸಿಕೊಳ್ಳುತ್ತೇನೆ.

ಊಟಕ್ಕೆ ಹತ್ತಿರ ಚಹಾ ಬೇಡ ಎಂಬುದು ನಾನು ಬಿಡದೆ ಪಾಲಿಸುವ ನೇಮ. ಚಹಾದ ಟ್ಯಾನಿನ್ ಊಟದಲ್ಲಿರುವ ಕಬ್ಬಿಣದ ಅಂಶವನ್ನು ಹಿಡಿದಿಟ್ಟು ಮೈಗೆ ಹತ್ತಗೊಡುವುದಿಲ್ಲ. ಊಟಕ್ಕೆ ಒಂದು ತಾಸು ಮೊದಲು, ಒಂದು ತಾಸು ನಂತರ ಚಹಾ ಕಾಫಿ ಬೇಡವೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಆಹಾರ ಮಾರ್ಗಸೂಚಿಯೂ ಹೇಳಿದೆ. ದಿನಕ್ಕೆ 300 ಮಿಲಿಗ್ರಾಂ ಕೆಫೀನ್ ದಾಟಬಾರದು ಎನ್ನುತ್ತದೆ ಅದು. ಒಂದು ಕಪ್ಪು ಚಹಾದಲ್ಲಿ 30ರಿಂದ 65 ಮಿಲಿಗ್ರಾಂ ಇರುತ್ತದೆ. ನಮ್ಮಲ್ಲಿ ಗಂಡಸರಿಗೆಲ್ಲ ಬಡಿಸಿ, ಕೊನೆಗೆ ಒಂದು ರೊಟ್ಟಿ ತಿಂದು, ಅದರ ಮೇಲೊಂದು ಕಪ್ಪು ಚಹಾ ಕುಡಿದು ಹೊಟ್ಟೆ ತುಂಬಿಸಿಕೊಳ್ಳುವ ಹೆಣ್ಣುಮಕ್ಕಳು ಎಷ್ಟೋ ಮಂದಿ. ರಕ್ತಹೀನತೆ ಇಷ್ಟು ಕಾಡುವ ನಾಡಿನಲ್ಲಿ ಇದು ಸಣ್ಣ ಸಂಗತಿಯಲ್ಲ. ಆ ಕಪ್ಪನ್ನು ಒಂದು ತಾಸು ಮುಂದೆ ಹಾಕಿ, ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿಕೊಳ್ಳಿ ಎಂದು ಕಂಡವರಿಗೆಲ್ಲ ಹೇಳುತ್ತೇನೆ.

ರಾತ್ರಿ ಚಹಾ ಇಲ್ಲ. ಮಳೆಗಾಲದಲ್ಲಿ ಹಿತ್ತಿಲಿನ ಮಜ್ಜಿಗೆಹುಲ್ಲು ಕಿತ್ತು ಕುದಿಸಿದ ಕಷಾಯ, ಅಷ್ಟೇ.

ಇನ್ನೊಂದು ಮಾತು. ಕಾಫಿಯ ಸೀಮೆ ಎಂದೇ ಹೆಸರಾದ ಚಿಕ್ಕಮಗಳೂರು ಜಿಲ್ಲೆಯಲ್ಲಿ, ಕೆಳಗೂರಿನ ಬೆಟ್ಟಗಳಲ್ಲಿ ಚಹಾ ತೋಟವಿದೆ. ಹಾಲಿಗೂ ಸೈ, ಲಿಂಬೆಗೂ ಸೈ ಎನ್ನುವ ಚಹಾ ಅದು. ಆ ಕಡೆ ಹೋದವರೆಲ್ಲ ಕಾಫಿ ಪುಡಿ ಕಟ್ಟಿಸಿಕೊಂಡು ಬರುತ್ತಾರೆ. ಮುಂದಿನ ಸಲ ಹೋದಾಗ ಅದರ ಜೊತೆಗೆ ನಮ್ಮ ನೆಲದ ಚಹಾವನ್ನೂ ಕಾಲು ಕಿಲೋ ತನ್ನಿ.