ಮೆಲ್ಬರ್ನಿನಲ್ಲಿ ನಮ್ಮ ಮೊದಲ ದಿನಗಳು

ಈ ಸ್ಮರಣಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ನಮ್ಮ ಪೂಜ್ಯ ಉಪಾಧ್ಯಾಯಿನಿಯವರಿಂದ ಅಪ್ಪಣೆಯಾದಾಗ, ನಾವು ಮೂವರು ಗೆಳತಿಯರೂ ಕೂಡಿಯೇ ಬರೆಯುವುದೆಂದು ನಿಶ್ಚಯಿಸಿದೆವು. ಒಂದೇ ಬೆಂಚಿನಲ್ಲಿ ಕುಳಿತು ಓದಿದವರು, ಒಂದೇ ವಿಮಾನದಲ್ಲಿ ಹೊರನಾಡಿಗೆ ಹೋದವರು, ಅಲ್ಲಿ ಒಂದೇ ತಪ್ಪನ್ನು ಮಾಡಿದವರು ಆದುದರಿಂದ ‘ನಾವು’ ಎಂದು ಬರೆಯುವುದೇ ಯುಕ್ತವೆಂದು ತೋರಿತು. ಆಸ್ಟ್ರೇಲಿಯದ ವೈಭವವನ್ನು ವರ್ಣಿಸುವುದು ನಮ್ಮ ಉದ್ದೇಶವಲ್ಲ. ಅದನ್ನು ನಮಗಿಂತ ಬಲ್ಲವರು ಬೇಕಾದಷ್ಟು ಮಂದಿ ಬರೆದಿದ್ದಾರೆ. ಅಲ್ಲಿ ಕಾಲಿಟ್ಟ ಮೊದಲ ಹತ್ತುಹನ್ನೆರಡು ದಿನಗಳಲ್ಲಿ ನಡೆದುದನ್ನೂ, ಮುಖ್ಯವಾಗಿ ನಾವು ಮನೆಯವರಿಂದ ಮುಚ್ಚಿಟ್ಟುದನ್ನೂ, ಈಗ ಓದುತ್ತಿರುವ ತಂಗಿಯರ ಮುಂದೆಯೂ ಅವರ ತಾಯಿತಂದೆಗಳ ಮುಂದೆಯೂ ಇಡುವುದಷ್ಟೇ ನಮ್ಮ ಆಸೆ.

ನಮ್ಮಲ್ಲಿ ಇಬ್ಬರ ಊರು ಚಳ್ಳಕೆರೆ ತಾಲ್ಲೂಕಿನ ವರವು ಕಾವಲಿನ ಅಂಚಿನ ಹಳ್ಳಿ. ಮೂರನೆಯವಳದು ಮೊಳಕಾಲ್ಮೂರಿನ ರೇಷ್ಮೆಮಗ್ಗದ ಮನೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1673-1704) ಬೆಣ್ಣೆಚಾವಡಿಯೆಂದು ಹೆಸರಾಗಿ, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎನಿಸಿಕೊಂಡ ಅರಮನೆಯ ದನಗಳಿಗೆ ಕಾದಿರಿಸಿದ್ದ ಹುಲ್ಲುಗಾವಲುಗಳನ್ನು ವಾಚಕರು ಬಲ್ಲರು. ವರವು ಕಾವಲೂ ಅವುಗಳಲ್ಲೊಂದು. ಮಳೆ ಕಂಡ ವರ್ಷ ಅಲ್ಲಿ ಮೊಳಕಾಲುದ್ದ ಹುಲ್ಲು ಬೆಳೆಯುತ್ತಿತ್ತು, ಕೃಷ್ಣಮೃಗಗಳು ನೆಗೆದಾಡುತ್ತಿದ್ದವು, ಸುತ್ತಲ ಹಳ್ಳಿಗಳ ಕುರಿ ದನಗಳು ಅಲ್ಲಿಯೇ ಮೇದು ಬದುಕುತ್ತಿದ್ದವು. ನಮ್ಮಲ್ಲಿ ಹಿರಿಯಳ ತಂದೆ ಕುರಿಗಾರರು. ಅವರ ಮಂದೆಯ ಕಪ್ಪು ಉಣ್ಣೆಯನ್ನು ಅವಳ ಅವ್ವ ನೂಲುತ್ತಿದ್ದರು. ಆ ನೂಲು ಕರಿಕಂಬಳಿಯಾಗಿ ಚಳ್ಳಕೆರೆಯ ಸಂತೆಗೆ ಹೋಗುತ್ತಿತ್ತು. ನಾವು ಪ್ರೌಢಶಾಲೆಯನ್ನು ಮುಗಿಸುವ ಹೊತ್ತಿಗೆ, ಎಂದರೆ 2013ರ ಸುಮಾರಿಗೆ, ಕಾವಲಿನ ಸಾವಿರಾರು ಎಕರೆ ನೆಲವು ದೇಶದ ವಿಜ್ಞಾನ ಮತ್ತು ರಕ್ಷಣೆಯ ಕಾರ್ಯಗಳಿಗೆ ಕೊಡಲ್ಪಟ್ಟು, ಉದ್ದವಾದ ಗೋಡೆಗಳು ಎದ್ದಿದ್ದವು. ದೊಡ್ಡವರ ಮಾತು ನಮಗಾಗ ಪೂರ್ತಿಯಾಗಿ ತಿಳಿಯುತ್ತಿರಲಿಲ್ಲ. ರಜೆಯಲ್ಲಿ ಊರಿಗೆ ಹೋದಾಗ ಕುರಿಗಳು ಬಳಸುದಾರಿಯಲ್ಲಿ ಹೋಗುತ್ತಿದ್ದುದನ್ನು ಮಾತ್ರ ಕಂಡಿದ್ದೆವು.

ನಮ್ಮ ಶಾಲೆಯ ವಿದ್ಯಾರ್ಥಿನಿನಿಲಯದಲ್ಲಿ ಒಂದು ಪದ್ಧತಿಯಿತ್ತೆಂಬುದು ಅಲ್ಲಿ ಇದ್ದವರೆಲ್ಲರಿಗೂ ನೆನಪಿರಬಹುದು. ಆ ವೇಳೆಗೆ ಮನೆಮನೆಗೂ ಮೊಬೈಲ್ ಬಂದಿದ್ದರೂ, ಶನಿವಾರ ಸಂಜೆ ಪ್ರತಿಯೊಬ್ಬಳೂ ಮನೆಗೆ ಒಂದು ಕಾಗದವನ್ನು ಬರೆಯಲೇಬೇಕಾಗಿತ್ತು. ಕಾಗದದಲ್ಲಿ ಮೂರು ವಿಷಯಗಳಿರಬೇಕು: ಈ ವಾರ ಏನು ಉಂಡೆ, ಏನು ಕಲಿತೆ, ಯಾವುದು ಕಷ್ಟವಾಯಿತು. ಮೂರನೆಯದನ್ನು ಬಿಟ್ಟು ಬರೆದವಳಿಗೆ ನಮ್ಮ ಟೀಚರಮ್ಮನವರು ಕಾಗದವನ್ನು ಹಿಂದಕ್ಕೆ ಕೊಟ್ಟು, “ಅಕ್ಷರದ ತಪ್ಪನ್ನು ನಾನು ತಿದ್ದಬಲ್ಲೆ, ಬರೆಯದೆ ಬಿಟ್ಟುದನ್ನು ಹೇಗೆ ತಿದ್ದಲಿ?” ಎನ್ನುತ್ತಿದ್ದರು. ಅವರೇ ಒಮ್ಮೆ ನಮ್ಮನ್ನು ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದ ಬಳಿಯ ಬ್ರಹ್ಮಗಿರಿಗೆ ಕರೆದುಕೊಂಡು ಹೋಗಿದ್ದರು. 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದ ಅಶೋಕನ ಶಾಸನವು ಅಲ್ಲಿಯ ಬಂಡೆಯ ಮೇಲಿದೆ. ತಾಯಿತಂದೆಗಳ ಮಾತನ್ನು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯರು ಗುರುವನ್ನು ಗೌರವಿಸಬೇಕು ಎಂಬುದು ಅದರ ಒಂದು ಭಾಗದ ತಾತ್ಪರ್ಯ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ನಮ್ಮ ಸೀಮೆಯ ಜನರಿಗೇ ಹೇಳಿದ ಮಾತಿದು ಎಂದು ಅವರು ತಿಳಿಸಿದಾಗ, ನಮ್ಮ ಲಕ್ಷ್ಯವೆಲ್ಲವೂ ಬುತ್ತಿಯ ಗಂಟಿನ ಮೇಲಿತ್ತು.

2019ರ ಜುಲೈ ತಿಂಗಳ ನಡುವೆ, ಮೆಲ್ಬರ್ನಿನಲ್ಲಿ ಮೇಲ್ಪದವಿಯ ವ್ಯಾಸಂಗಕ್ಕೆಂದು ನಾವು ಹೊರಟೆವು. ಬ್ಯಾಂಕಿನ ಸಾಲದಿಂದ ಶುಲ್ಕಕ್ಕೆ ದಾರಿಯಾಗಿತ್ತು. ಉಳಿದ ಖರ್ಚನ್ನು ನಮ್ಮ ಮನೆಗಳವರು ಹೇಗೋ ಹೊಂದಿಸಿದ್ದರು. ಹೇಗೆಂದು ನಾವು ಕೇಳಲಿಲ್ಲ. ಹಿರಿಯಳು ಕೊನೆಯ ಸಲ ಊರಿಗೆ ಹೋದಾಗ ಮನೆಯ ಮುಂದಿನ ರೊಪ್ಪ ಬರಿದಾಗಿತ್ತಂತೆ. ಮಂದೆಯು ಚಿಕ್ಕಪ್ಪನೊಡನೆ ತುಂಗಭದ್ರೆಯ ಕಡೆಗೆ ವಲಸೆ ಹೋಗಿದೆಯೆಂದು ತಂದೆ ಹೇಳಿದರು. ಅವಳ ಅವ್ವ ಶೇಂಗಾ ಚಟ್ನಿಪುಡಿಯ ಡಬ್ಬಿಯ ಜೊತೆಗೆ ಒಂದು ಹೊಸ ಕರಿಕಂಬಳಿಯನ್ನು ಮಡಿಸಿ ಪೆಟ್ಟಿಗೆಯಲ್ಲಿ ಇಟ್ಟರು.

ಮೆಲ್ಬರ್ನಿನಲ್ಲಿ ಇಳಿಯುವ ಮೊದಲು ಪ್ರಯಾಣಿಕರೆಲ್ಲರೂ ಒಂದು ಚೀಟಿಯನ್ನು ತುಂಬಬೇಕಾಗಿತ್ತು. ಕಳೆದ ಮೂವತ್ತು ದಿನಗಳಲ್ಲಿ ಹೊಲಗಳಿಗೆ ಹೋಗಿದ್ದೀರಾ, ಸಾಕುಪ್ರಾಣಿಗಳನ್ನು ಮುಟ್ಟಿದ್ದೀರಾ ಎಂಬುದು ಅದರಲ್ಲಿನ ಒಂದು ಪ್ರಶ್ನೆ. ಎತ್ತು ಎಮ್ಮೆಗಳ ಮನೆಯಿಂದ ಬಂದ ನಾವು ‘ಹೌದು’ ಎಂದೇ ಬರೆದೆವು. ಅಧಿಕಾರಿಯೊಬ್ಬಳು ನಮ್ಮನ್ನು ಬೇರೆ ಸಾಲಿನಲ್ಲಿ ನಿಲ್ಲಿಸಿ, ಚಟ್ನಿಪುಡಿಯನ್ನು ನೋಡಿದಳು. ಪಾದರಕ್ಷೆಗಳಿಗೆ ಅಂಟಿದ್ದ ಮಣ್ಣನ್ನು ತೊಳೆಸಿದಳು. ಕಂಬಳಿಯನ್ನು ಬಿಚ್ಚಿ, ನೂಲಿನಲ್ಲಿ ಸಿಕ್ಕಿಕೊಂಡಿದ್ದ ಹುಲ್ಲಿನ ಮುಳ್ಳುಗಳನ್ನು ಚಿಮಟದಿಂದ ಒಂದೊಂದಾಗಿ ತೆಗೆದಳು. ಕೊನೆಗೆ, ನಿಜವನ್ನು ಬರೆದುದಕ್ಕಾಗಿ ವಂದನೆಗಳೆಂದು ನಕ್ಕು ಎಲ್ಲವನ್ನೂ ಹಿಂದಕ್ಕೆ ಕೊಟ್ಟಳು. ಗುರುತಿಲ್ಲದ ಆ ಹೆಂಗಸಿಗೆ ಇಷ್ಟು ಸುಲಭವಾಗಿ ನಿಜವನ್ನು ಹೇಳಿದ ನಾವು, ಅದೇ ದಿನ ಸಂಜೆ ಹೆತ್ತವರಿಗೆ ಸುಳ್ಳು ಹೇಳಿದೆವು.

ಅದಕ್ಕೆ ಕಾರಣವಿಷ್ಟು. ಊರಿನಲ್ಲಿರುವಾಗಲೇ ಒಬ್ಬ ಮನುಷ್ಯನೊಡನೆ ಮಾತನಾಡಿ, ಚಿತ್ರಗಳನ್ನು ನೋಡಿ ಮೆಚ್ಚಿ, ಒಂದು ಬಿಡಾರಕ್ಕೆ ಮುಂಗಡವಾಗಿ 1,200 ಡಾಲರುಗಳನ್ನು ಕಳುಹಿಸಿದ್ದೆವು. ಆಗಿನ ಲೆಕ್ಕದಲ್ಲಿ ಡಾಲರೊಂದಕ್ಕೆ ಸುಮಾರು 48 ರೂಪಾಯಿ; ಎಂದರೆ 57,000 ರೂಪಾಯಿಗಳಿಗೂ ಮೀರಿದ ಮೊತ್ತ. ಪೆಟ್ಟಿಗೆಗಳನ್ನು ಎಳೆದುಕೊಂಡು ಆ ವಿಳಾಸಕ್ಕೆ ಹೋಗಿ ಬಾಗಿಲು ತಟ್ಟಿದರೆ, ಅಲ್ಲಿ ಯಾವುದೋ ಸಂಸಾರ ಮೂರು ವರ್ಷಗಳಿಂದ ವಾಸವಾಗಿತ್ತು. ಆ ಮನುಷ್ಯನ ಮೊಬೈಲ್ ಆಮೇಲೆ ಎಂದೂ ಸದ್ದು ಮಾಡಲಿಲ್ಲ. ಠಾಣೆಯಲ್ಲಿ ದೂರನ್ನು ಬರೆಸಿಕೊಂಡರು. ಹಣ ಮಾತ್ರ ಮರಳಲಿಲ್ಲ. ವಿಕ್ಟೋರಿಯ ಸಂಸ್ಥಾನದಲ್ಲಿ ಮನೆಬಾಡಿಗೆಯ ಠೇವಣಿಯನ್ನು ಸರಕಾರದ ಪ್ರಾಧಿಕಾರವೊಂದರಲ್ಲಿ ಇಡತಕ್ಕದ್ದೆಂಬ ನಿಯಮವಿದೆಯೆಂದು ನಮಗೆ ತಿಳಿದುದು ಕೆಟ್ಟ ಮೇಲೆಯೇ. ಮುಂದೆ ಹೋಗುವ ತಂಗಿಯರು ಮನೆಯನ್ನು ಕಣ್ಣಾರೆ ಕಾಣದೆ ಒಂದು ಕಾಸನ್ನೂ ಕಳುಹಿಸಬಾರದೆಂದು ಇಲ್ಲಿಯೇ ಹೇಳಿಬಿಡುತ್ತೇವೆ.

ಅದೇ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ, ಹಾಸನದ ಕಡೆಯ ಹಿರಿಯ ವಿದ್ಯಾರ್ಥಿನಿಯೊಬ್ಬರು ನಮ್ಮ ಕನ್ನಡವನ್ನು ಕೇಳಿ ಬಳಿಗೆ ಬಂದು ವಿಚಾರಿಸಿ, ತಮ್ಮ ಒಂದೇ ಕೊಠಡಿಯಲ್ಲಿ ಮೂವರಿಗೂ ನೆಲ ತೋರಿಸಿದರು. ಆ ಉಪಕಾರವನ್ನು ನಾವು ಎಂದಿಗೂ ಮರೆಯುವಂತಿಲ್ಲ. ಅವರ ಬಾಗಿಲಲ್ಲಿ ನಿಂತೇ ಮನೆಗಳಿಗೆ ಕರೆ ಮಾಡಿದೆವು. ಅಲ್ಲಿಗೂ ಇಲ್ಲಿಗೂ ಆಗ ನಾಲ್ಕೂವರೆ ಗಂಟೆಗಳ ಅಂತರ. ನಮ್ಮಲ್ಲಿ ಕತ್ತಲಾಗಿದ್ದರೆ ಊರಿನಲ್ಲಿ ಇನ್ನೂ ನಡುಹಗಲು. “ಮನೆ ಬಹಳ ಚೆನ್ನಾಗಿದೆ, ಬಿಸಿನೀರು ಬರುತ್ತದೆ, ಏನೂ ಯೋಚನೆ ಮಾಡಬೇಡಿ” ಎಂದು ಮೂವರೂ ಒಂದೇ ಪಾಠವನ್ನು ಒಪ್ಪಿಸಿದೆವು. ಅತ್ತಲಿಂದ, “ನಾವೂ ಚೆನ್ನಾಗಿದ್ದೀವಿ” ಎಂಬ ಉತ್ತರ ಬಂದಿತು.

ಹೊಸ ನಾಡು ನಮ್ಮನ್ನು ಅಳಿಸಿದಂತೆಯೇ ನಗಿಸಿತೆಂಬುದನ್ನೂ ಹೇಳಬೇಕು. ಅಲ್ಲಿಯವರು ಯೋಗಕ್ಷೇಮವನ್ನು ವಿಚಾರಿಸುವಾಗ ‘ಹೌ ಆರ್ ಯು ಗೋಯಿಂಗ್’ ಎನ್ನುವ ವಾಡಿಕೆ. ಅಂಗಡಿಯಾಕೆ ಹಾಗೆ ಕೇಳಿದಾಗ, ಹೇಗೆ ಹೋಗುವಿರೆಂದು ಕೇಳುತ್ತಿದ್ದಾಳೆಂದು ತಿಳಿದು ನಮ್ಮಲ್ಲಿ ಕಿರಿಯಳು ಬಹು ವಿನಯದಿಂದ, “ಟ್ರಾಮಿನಲ್ಲಿ” ಎಂದುಬಿಟ್ಟಳು. ಉತ್ತರವೇನೋ ಸುಳ್ಳಲ್ಲ, ಆ ನಗರದ ಟ್ರಾಮಿನ ಹಳಿಗಳು ಸುಮಾರು 250 ಕಿಲೋಮೀಟರು ಹರಡಿಕೊಂಡಿದ್ದು, ನಗರದ ನಡುಭಾಗದಲ್ಲಿ 2015ರಿಂದ ಪ್ರಯಾಣಕ್ಕೆ ದರವೂ ಇಲ್ಲ. ಕಾಸಿಲ್ಲದ ಆ ದಿನಗಳಲ್ಲಿ ನಾವು ಚಳಿಯಿಂದ ತಪ್ಪಿಸಿಕೊಳ್ಳಲು ಅದರಲ್ಲಿಯೇ ಸುತ್ತುತ್ತಿದ್ದೆವು. ನಮ್ಮ ಆಷಾಢವು ಅವರಿಗೆ ನಡುಚಳಿಗಾಲ. ಮಧ್ಯಾಹ್ನದ ಸೂರ್ಯನೂ ಉತ್ತರದಲ್ಲಿ ತಗ್ಗಾಗಿ ನಿಂತು, ಬೆಳಕನ್ನು ಕೊಟ್ಟು ಬಿಸಿಲನ್ನು ಕೊಡದೆ ಹೋಗುತ್ತಿದ್ದನು. ಆ ವಾರದ ಹುಣ್ಣಿಮೆಯ ಚಂದ್ರನಲ್ಲಿ ನಮ್ಮ ಮೊಲವು ತಲೆಕೆಳಗಾಗಿತ್ತು. ನಮ್ಮ ಸೀಮೆಯಲ್ಲಿ ಬೇಸಗೆಯ ರಾತ್ರಿ ದಕ್ಷಿಣದ ಅಂಚಿನಲ್ಲಿ ಕಾಣುವ ತ್ರಿಶಂಕು ನಕ್ಷತ್ರಗಳು ಅಲ್ಲಿ ನೆತ್ತಿಯ ಸಮೀಪಕ್ಕೆ ಏರಿದ್ದವು. ಆ ದೇಶದ ಬಾವುಟದ ಮೇಲೆಯೂ ಅವೇ ಇವೆ. ಎತ್ತಲೂ ಸೇರದೆ ನಡುವೆ ತೂಗಿದ ಆ ಅರಸನ ಕಥೆಯನ್ನು ನೆನೆದು, ನಾವು ಮೂವರೂ ಒಂದೇ ಕರಿಕಂಬಳಿಯ ಕೆಳಗೆ ಒತ್ತಿಕೊಂಡು ಮಲಗುತ್ತಿದ್ದೆವು. ಕಂಬಳಿಗೆ ಕುರಿಯ ವಾಸನೆಯಿತ್ತು. ಊರಿನಲ್ಲಿ ಮೂಗು ಮುರಿಯುತ್ತಿದ್ದ ಮಗ್ಗದ ಮನೆಯ ಗೆಳತಿಯೇ ಅದನ್ನು ಮುಖದವರೆಗೆ ಎಳೆದುಕೊಳ್ಳುತ್ತಿದ್ದಳು.

ಎರಡನೆಯ ವಾರದಲ್ಲಿ, ಕೃಷಿವಿಜ್ಞಾನವನ್ನು ಓದಲು ಬಂದಿದ್ದ ಹಿರಿಯಳ ತರಗತಿಯನ್ನು ನಗರದ ಪಶ್ಚಿಮಕ್ಕಿರುವ ಒಂದು ಹುಲ್ಲುಗಾವಲಿಗೆ ಕರೆದೊಯ್ದರು. ಅಪ್ಪಣೆ ಪಡೆದು ನಾವಿಬ್ಬರೂ ಜೊತೆಗೆ ಹೋದೆವು. ಬಯಲಿನಲ್ಲಿ ಚಳಿಗೆ ಕೆಂಬಣ್ಣಕ್ಕೆ ತಿರುಗಿದ ಹುಲ್ಲಿನ ಕುತ್ತಿಗಳು ಹಬ್ಬಿದ್ದವು. ಅವರು ಅದನ್ನು ಕಾಂಗರೂ ಹುಲ್ಲೆಂದು ಕರೆಯುತ್ತಾರೆ. ಅದರ ಶಾಸ್ತ್ರೀಯ ನಾಮ ಥೆಮೆಡಾ ಟ್ರಯಾಂಡ್ರಾ. ಆಫ್ರಿಕದಿಂದ ನಮ್ಮ ದೇಶದ ಮಾರ್ಗವಾಗಿ ಆಸ್ಟ್ರೇಲಿಯದವರೆಗೂ ಈ ಒಂದೇ ಜಾತಿಯ ಹುಲ್ಲು ಹರಡಿದೆಯೆಂದು ಅಧ್ಯಾಪಕರು ತಿಳಿಸಿದಾಗ, ಹಿರಿಯಳು ಕುಳಿತು ಅದನ್ನು ಕೈಯಿಂದ ಸವರಿದಳು. ಅಧ್ಯಾಪಕರು ಮುಂದುವರಿಸಿ, ಆ ನೆಲವು ಕುಲಿನ್ ಜನಾಂಗಗಳ ನೆಲವಾಗಿತ್ತೆಂದೂ, ಅವರ ಹೆಂಗಸರು ಅಲ್ಲಿ ಮರ್ನಾಂಗ್ ಎಂಬ ಗೆಡ್ಡೆಯನ್ನು ಅಗೆದು ಸಂಸಾರಗಳನ್ನು ಸಾಕುತ್ತಿದ್ದರೆಂದೂ, 1835ರಿಂದ ಈಚೆಗೆ ಬಿಳಿಯರು ತಂದ ಕುರಿಮಂದೆಗಳು ಆ ಗೆಡ್ಡೆಯನ್ನು ತಿಂದು ಮುಗಿಸಿದುವೆಂದೂ ಹೇಳಿದರು. ಹಳೆಯ ಹುಲ್ಲುಗಾವಲಿನಲ್ಲಿ ಉಳಿದಿರುವುದು ಅತ್ಯಲ್ಪ. 2008ರಲ್ಲಿ ಅಲ್ಲಿಯ ಸರಕಾರವೇ ಅದನ್ನು ಅಳಿವಿನ ಅಂಚಿನಲ್ಲಿದೆಯೆಂದು ಸಾರಿತು. ನಮ್ಮ ಕುಲವೃತ್ತಿಯ ಕುರಿಯು ಒಂದು ಜನಕ್ಕೆ ಅನ್ನ ತಪ್ಪಿಸಿತೆಂಬುದನ್ನು ಕೇಳಿ ಹಿರಿಯಳು ಸುಮ್ಮನಾದಳು. ಬಳಿಕ, ಮೇವಿನ ನೆಲವು ಕೈ ತಪ್ಪಿದರೆ ಅದನ್ನು ನಂಬಿದವರು ಏನಾಗುತ್ತಾರೆಂಬ ಪ್ರಶ್ನೆ ಅವಳ ಮನಸ್ಸಿನಲ್ಲಿ ನಮ್ಮ ಕಾವಲಿನ ಕಡೆಗೆ ತಿರುಗಿತು. ಬರಿದಾಗಿದ್ದ ರೊಪ್ಪವನ್ನು ಅವಳು ನೆನೆದಳು.

ಆ ರಾತ್ರಿ ಅವಳು ನಮ್ಮ ಎದುರಿನಲ್ಲಿಯೇ ತಂದೆಗೆ ಕರೆ ಮಾಡಿ, “ಅಪ್ಪಾ, ಕುರಿಗಳನ್ನು ಈಗ ಯಾವ ಕಡೆ ಬಿಟ್ಟಿದ್ದೀಯ?” ಎಂದು ಕೇಳಿದಳು. ತುಸು ಹೊತ್ತು ಮಾತಿಲ್ಲ.

“ಕುರಿ ಎಲ್ಲಿವೆ ತಾಯಿ? ನೀನು ಹೊರಡೋಕೆ ಮುಂಚೇನೆ ಕೊಟ್ಟುಬಿಟ್ಟೆ. ಮೇಸೋಕೆ ನೆಲವೂ ಇರಲಿಲ್ಲ, ನಿನಗೆ ದುಡ್ಡೂ ಬೇಕಿತ್ತು. ಹೇಳಿದ್ದರೆ ನೀನು ಹೋಗ್ತಿರಲಿಲ್ಲ.” ಮತ್ತೆ ಸ್ವಲ್ಪ ತಡೆದು, “ನಿನ್ನ ಹತ್ತಿರ ಐತಲ್ಲ ಕಂಬಳಿ, ಅದು ನಮ್ಮ ಮಂದೆಯ ಕಡೇ ಉಣ್ಣೆ ಕಣವ್ವ” ಎಂದರು.

ಅವಳು ಅತ್ತಳು, ನಾವೂ ಅತ್ತೆವು. ಆಮೇಲೆ ಅವಳು ಎಲ್ಲವನ್ನೂ ಹೇಳಿದಳು: ಮನೆಯಿಲ್ಲದುದು, ಹಣ ಹೋದುದು, ನೆಲದ ಮೇಲೆ ಮಲಗುತ್ತಿದ್ದುದು. ಅವರು ಗದರಿಸುವರೆಂದು ನಾವು ಎಣಿಸಿದ್ದೆವು. “ನೀನೂ ಮುಚ್ಚಿಟ್ಟೆ, ನಾನೂ ಮುಚ್ಚಿಟ್ಟೆ. ಹೋಗಲಿ, ಲೆಕ್ಕ ಸರಿಹೋಯ್ತು. ಊಟ ಮಾಡಿದೆಯಾ?” ಎಂದಷ್ಟೇ ಅವರು ಕೇಳಿದರು. ಅದೇ ರಾತ್ರಿ ನಾವಿಬ್ಬರೂ ನಮ್ಮ ಮನೆಗಳಿಗೆ ಕರೆ ಮಾಡಿ ನಿಜವನ್ನು ತಿಳಿಸಿದೆವು. ಒಂದು ಮನೆಯಲ್ಲಿ ಅಜ್ಜಿಯ ಕಾಯಿಲೆಯನ್ನೂ, ಮತ್ತೊಂದರಲ್ಲಿ ಅಡವಿಟ್ಟ ಬಳೆಗಳನ್ನೂ ನಮ್ಮಿಂದ ಮುಚ್ಚಿಟ್ಟಿದ್ದರೆಂಬುದು ಹೊರಬಿದ್ದಿತು. ಮನೆಯವರು ಚಳ್ಳಕೆರೆಯ ಪರಿಚಿತರೊಬ್ಬರನ್ನು ವಿಚಾರಿಸಿ, ಮೆಲ್ಬರ್ನಿನಲ್ಲಿದ್ದ ಅವರ ಬಂಧುಗಳ ವಿಳಾಸವನ್ನು ಕೊಟ್ಟರು. ವಾರದೊಳಗೆ ಅವರ ನೆರವಿನಿಂದ ನಮಗೊಂದು ಬಿಡಾರ ದೊರೆಯಿತು. ಮೊದಲ ದಿನವೇ ನಿಜವನ್ನು ಹೇಳಿದ್ದರೆ ಮೊದಲ ವಾರದಲ್ಲಿಯೇ ಅದು ದೊರೆಯುತ್ತಿತ್ತು.

ವ್ಯಾಸಂಗವು ಮುಗಿಯಿತು; ಸಾಲವೂ ಬಹುಮಟ್ಟಿಗೆ ತೀರಿತು. ಮಂದೆ ಮಾತ್ರ ಮರಳಲಿಲ್ಲ. ಹಣವನ್ನು ಕಳುಹಿಸುತ್ತೇನೆಂದು ಮಗಳು ಹೇಳಿದಾಗ, “ಕುರಿ ಕೊಳ್ಳಬಹುದು, ಕಾವಲನ್ನು ಎಲ್ಲಿಂದ ಕೊಳ್ಳಲಿ?” ಎಂದು ಆ ತಂದೆ ಕೇಳಿದರು. ಅವಳೀಗ ಹುಲ್ಲುಗಾವಲುಗಳ ವಿಷಯದಲ್ಲಿಯೇ ಕೆಲಸ ಮಾಡುತ್ತಿದ್ದಾಳೆ. ಕಂಬಳಿ ಅವಳ ಬಳಿಯೇ ಇದೆ.

ವಾಚಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ಮಗಳು ದೂರದ ಊರಿನಿಂದ ‘ಚೆನ್ನಾಗಿದ್ದೇನೆ’ ಎಂದಾಗ, ತಾಯಿತಂದೆಗಳು ಅಷ್ಟಕ್ಕೇ ತೃಪ್ತರಾಗದೆ, ಯಾವುದು ಕಷ್ಟವಾಯಿತೆಂಬ ಮೂರನೆಯ ಪ್ರಶ್ನೆಯನ್ನೂ ಕೇಳಬೇಕು. ತಮ್ಮ ಕಷ್ಟವನ್ನೂ ಅವಳಿಗೆ ಹೇಳಬೇಕು. ಅದನ್ನು ಹೊರುವಷ್ಟು ಶಕ್ತಿಯನ್ನು ಈ ಶಾಲೆಯು ನಿಮ್ಮ ಹೆಣ್ಣುಮಕ್ಕಳಿಗೆ ಕೊಟ್ಟಿರುತ್ತದೆ. ನಮ್ಮ ಟೀಚರಮ್ಮನವರು ಇದನ್ನು ಓದುವರೆಂಬ ನಂಬಿಕೆ ನಮಗಿದೆ. ಅಂದು ಬರೆಯದೆ ಬಿಟ್ಟ ಮೂರನೆಯ ಭಾಗವನ್ನು, ತಡವಾಗಿಯಾದರೂ, ಇಂದು ಬರೆದು ಒಪ್ಪಿಸಿದ್ದೇವೆ. ಅಕ್ಷರದ ತಪ್ಪುಗಳಿದ್ದರೆ ಅವರು ಎಂದಿನಂತೆ ತಿದ್ದಿಕೊಳ್ಳಲಿ.